ತಾತನ ಪಾರ್ಕರ್ 51: ತೊಳೆಯಲೇ, ಕಳಿಸಲೇ?

ಮೈಸೂರು ಮೊಮ್ಮಗ:
ಅಟ್ಟದ ಟ್ರಂಕಿನಲ್ಲಿ ತಾತನ ಇಂಕ್ ಪೆನ್ನು, ಪಾರ್ಕರ್ 51, ಸಿಕ್ಕಿದೆ. ಕಪ್ಪು ಮೈ, ಸ್ಟೀಲ್ ಕ್ಯಾಪು. ಹಿಂಭಾಗ ಬಿಚ್ಚಿದರೆ ಒತ್ತುವ ಪಟ್ಟಿ ಕಾಣುತ್ತೆ. ಇಂಕು ಒಣಗಿ ಕಲ್ಲಾಗಿದೆ. ನಾನೇ ತೊಳೆಯಬಹುದಾ, ರಿಪೇರಿಗೆ ಕಳಿಸಲಾ? ಬಜೆಟ್ ಎರಡು ಸಾವಿರ.

ಇಂಕುಗೈ:
ಎರಡು ಸಾವಿರವೇ! ನನ್ನದೂ 51, ಆದರೆ ಹಿಂದೆ ಬಟನ್ ಒತ್ತಿ ತುಂಬಿಸುವ ವ್ಯಾಕುಮ್ಯಾಟಿಕ್, 1948ಕ್ಕಿಂತ ಮುಂಚಿನದು. ಹೊರದೇಶದಿಂದ ತರಿಸಿದೆ. ಪೆನ್ನಿಗೆ 7,400, ಅಂಚೆಗೆ 1,900, ಸುಂಕ 3,150. ಬಂದ ಮೇಲೆ ನೋಡಿದರೆ ಒಳಗಿನ ಡಯಫ್ರಾಮ್, ಅಂದ್ರೆ ಇಂಕು ಎಳೆಯೋ ರಬ್ಬರ್ ಪೊರೆ, ಸತ್ತಿತ್ತು. ರಿಪೇರಿಗೆ 1,800, ಹೋಗಿ ಬರೋ ಕೊರಿಯರ್ 480. ಒಟ್ಟು 14,730. ಎಂಟು ತಿಂಗಳಿಗೆ ಮತ್ತೆ ಸೋರಿತು, ಅದೂ ಭಾವಮೈದುನನ ನಿಶ್ಚಿತಾರ್ಥದ ದಿನ, ಬಿಳಿ ಅಂಗಿ ಮೇಲೆ. ರಿಪೇರಿಯವರು ಈಗ ಫೋನೇ ಎತ್ತಲ್ಲ. ಆದರೂ ಹೇಳ್ತೀನಿ, ನೀವಾಗಿ ಕೈ ಹಾಕಬೇಡಿ.

ಧಾರವಾಡ ಕಾಕಾ:
ಏನ್ರೀ ಇಂಕುಗೈ, ಹದಿನಾಲ್ಕ ಸಾವಿರ ಸುರದು ಮ್ಯಾಲೆ ನಮಗ ಬುದ್ಧಿ ಹೇಳ್ತೀರೇನು? ನಂದ ಕೇಳ್ರಿ. ಅಪ್ಪಾರ ಶೇಫರ್ ಪೆನ್ನು, ಸೆಲ್ಯುಲಾಯ್ಡ್ ಮೈ, ಬಾಜೂಕ ಸಣ್ಣ ಲಿವರ್. ಒಳಗಿನ ರಬ್ಬರ್ ಸ್ಯಾಕ್, ಅಂದ್ರ ಇಂಕಿನ ಚೀಲ, ಹಪ್ಪಳದಂಗ ಪುಡಿಪುಡಿ. ನಿಬ್ಬಿನ ಭಾಗ ಬಿಚ್ಚವಲ್ದು ಅಂತ ಮೇಣಬತ್ತಿಗೆ ಹಿಡದೆ. ಸೆಲ್ಯುಲಾಯ್ಡಿನ್ಯಾಗ ಕರ್ಪೂರ ಇರತೈತಿ ಅನ್ನೂದು ಆವತ್ತ ಗೊತ್ತಾತು. ಭಗ್ ಅಂತ ಹತ್ತಿ ಅಪ್ಪಾರ ಪೆನ್ನಿಗೆ ಮಂಗಳಾರತಿ ಆತು. ಅವ್ವ ಎರಡ ದಿನ ಮಾತಾಡಲಿಲ್ಲ. ಈಗ ಹೇರ್ ಡ್ರೈಯರ್ ಇಟ್ಟೀನಿ. ಎಂಟ ಪೆನ್ನು ನಾನ ಬಿಚ್ಚೇನಿ, ಸ್ಯಾಕಿಗೆ ನೂರೈವತ್ತ ರೂಪಾಯಿ, ಅರಗು ಹಚ್ಚಿ ಅಂಟಸೂದು. ಫೆವಿಕ್ವಿಕ್ ಹಚ್ಚಾವ್ರ ಕೈ ಮುರೀಬೇಕ್ರಿ, ಮುಂದ ಬಿಚ್ಚಾವ ಏನ ಮಾಡಬೇಕು?

ಉಡುಪಿ ಶೈಲಜಾ:
ಇಬ್ಬರೂ ಸತ್ತ ಪೆನ್ನುಗಳಿಗೆ ಶ್ರಾದ್ಧ ಮಾಡ್ತಾ ಇದ್ದೀರಿ. ನಾನು ರಾಜಮಂಡ್ರಿಯ ರತ್ನಂ ಕಂಪನಿಯ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನಿನಲ್ಲಿ ಹನ್ನೊಂದು ವರ್ಷದಿಂದ ಬರೀತಿದ್ದೇನೆ. ಸ್ವದೇಶಿ ಕಾಲದಲ್ಲಿ, 1932ರಲ್ಲಿ ಶುರುವಾದವರು. ಡ್ರಾಪರಿನಲ್ಲಿ ಇಂಕು ಹಾಕುವುದು, ಸ್ಯಾಕೂ ಇಲ್ಲ ಡಯಫ್ರಾಮೂ ಇಲ್ಲ. ಒಂದೇ ತಪ್ಪು ಮಾಡಿದೆ: ಬಿಸಿನೀರಿನಲ್ಲಿ ನೆನೆಸಿಟ್ಟೆ. ಕಪ್ಪು ಹೋಗಿ ಕೆಸರು ಬಣ್ಣ. ತಿಕ್ಕಿ ಸರಿ ಮಾಡಲಿಕ್ಕೆ ಹೋಗಿ ಮೈಮೇಲಿದ್ದ ಅಕ್ಷರವೂ ಅಳಿಸಿತು. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಂಕುಗೈ:
ಡ್ರಾಪರ್ ಪೆನ್ನು ಕಾಲು ಭಾಗ ಉಳಿದಾಗ ಬುಳಕ್ ಅಂತ ಇಂಕು ಕಕ್ಕುತ್ತೆ, ಅದನ್ನು ಯಾಕೆ ಹೇಳಲಿಲ್ಲ ಮೇಡಂ?

ಉಡುಪಿ ಶೈಲಜಾ:
ನಿಶ್ಚಿತಾರ್ಥದಲ್ಲಿ ಕಕ್ಕಿದ್ದು ನಿಮ್ಮ ಹದಿನಾಲ್ಕು ಸಾವಿರದ್ದು. ನನ್ನದಲ್ಲ.

ತಿಪಟೂರು ಮೇಷ್ಟ್ರು:
ಚೀನಾದ ಹೀರೋ 616 ಪೆನ್ನು ತಗೊಳ್ಳಿ, 51ರ ಹಾಗೇ ನಿಬ್ಬು ಮುಚ್ಚಿರುತ್ತೆ. ಮೂವತ್ತು ವರ್ಷ ಅದರಲ್ಲೇ ಉತ್ತರಪತ್ರಿಕೆ ತಿದ್ದಿದ್ದೀನಿ.

ಇಂಕುಗೈ:
ಸಾರ್, ದಯವಿಟ್ಟು 51ರ ಪಕ್ಕ ಹೀರೋ ಇಡಬೇಡಿ. 51ರದ್ದು ಚಿನ್ನದ ನಿಬ್ಬು.

ಧಾರವಾಡ ಕಾಕಾ:
ಎಲ್ಲಾದ್ರದ್ದೂ ಅಲ್ರಿ. 51 ಸ್ಪೆಷಲ್‌ಗೆ ಸ್ಟೀಲ್ ನಿಬ್ಬು ಇತ್ತು. ತಿಳಕೊಂಡು ಬರೀರಿ. ಮೊಮ್ಮಗಾ, ನೀ ಇವರ ಮಾತು ಕೇಳಬ್ಯಾಡ. ನಿಂದು ಏರೋಮೆಟ್ರಿಕ್, ಅಂದ್ರ ಪಟ್ಟಿ ಒತ್ತಿ ಇಂಕು ತುಂಬಸೂದು, ಅದರ ಸ್ಯಾಕ್ ಪ್ಲಾಸ್ಟಿಕ್ಕಿಂದು, ಕೊಳಿಯಂಗಿಲ್ಲ. ಬಿಚ್ಚಬ್ಯಾಡ. ತಣ್ಣೀರಾಗ ನಿಬ್ಬು ಮುಳಗಿಸಿ ಇಡು, ದಿನಾ ಪಟ್ಟಿ ಒತ್ತಿ ನೀರು ಬದಲಿಸು. ಒಳಗ ಸಣ್ಣ ಸಣ್ಣ ಪದರಿನ ಕಲೆಕ್ಟರ್ ಐತಿ, ಇಂಕು ಅದರಾಗ ಕುಂತಿರತೈತಿ. ವಾರ ಹಿಡದ್ರೂ ಹಿಡೀತು. ಡ್ರಾಯಿಂಗ್ ಇಂಕು ಮಾತ್ರ ಜನ್ಮದಾಗ ಹಾಕಬ್ಯಾಡ.

ಮೈಸೂರು ಮೊಮ್ಮಗ:
ಇವತ್ತಿಗೆ ಮೂರು ದಿನ ಕಾಕಾ. ನೀರು ಇನ್ನೂ ನೀಲಿಯಾಗೇ ಬರ್ತಿದೆ. ಅಮ್ಮ ಲೋಟ ವಾಪಸ್ ಕೊಡು ಅಂತಿದ್ದಾರೆ.

ಧಾರವಾಡ ಕಾಕಾ:
ಲೋಟ ಹೊಸಾದು ತಂದು ಕೊಡು. ನಿಲ್ಲಸಬ್ಯಾಡ.

ಇಂಕುಗೈ:
ವ್ಯಾಕುಮ್ಯಾಟಿಕ್ ಡಯಫ್ರಾಮ್ ಯಾರ ಹತ್ತಿರವಾದರೂ ಇದೆಯಾ? ಬರೀ ರಬ್ಬರ್ ಸಾಕು. 1,800 ಮಾತ್ರ ಕೊಡಲ್ಲ.

ಉಡುಪಿ ಶೈಲಜಾ:
ಕಾಕಾನನ್ನೇ ಕೇಳಿ, ಮೇಣಬತ್ತಿ ಸಮೇತ ಬರ್ತಾರೆ.