‘ಸೆಟ್’ಗೆ 430 ಅರ್ಥ, ‘ಹಿಡಿ’ಗೆ ಎಷ್ಟು?

ಥಾಣೆ ಭಾವ, 6:42
(ಫಾರ್ವರ್ಡ್ ಆಗಿ ಬಂದ ಚಿತ್ರ: “ಇಂಗ್ಲಿಷಿನ ಮೂರೇ ಅಕ್ಷರದ ಪದ ‘ಸೆಟ್’. ಅರ್ಥಗಳು 430! ಬೇರೆ ಯಾವ ಭಾಷೆಗಿದೆ ಈ ಸಿರಿವಂತಿಕೆ?”)
ಪುಟ್ಟಿಗೆ ಇದನ್ನು ತೋರಿಸಿದೆ. ಮುಂದಿನ ವರ್ಷ ಅವಳು ಹತ್ತನೆಯ ತರಗತಿ. ಭಾನುವಾರದ ಕನ್ನಡ ತರಗತಿ ಬಿಡಿಸಿ, ಮನೆಯಲ್ಲಿಯೂ ಇಂಗ್ಲಿಷ್ ಮಾತ್ರ ಆಡೋಣ ಎಂದುಕೊಂಡಿದ್ದೇನೆ.

ನಾನು, 6:55
ಭಾವ, ಲೆಕ್ಕ ಕಟ್ಟುಕತೆಯಲ್ಲ, ಆದರೆ ಹಳೆಯದು. ಅದು 1989ರ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿಯದು. ‘ಸೆಟ್’ ಪದದ ವಿವರಣೆಯೇ ಅಲ್ಲಿ ಸುಮಾರು 60,000 ಪದಗಳಷ್ಟು ಉದ್ದವಿತ್ತು. ನಿಘಂಟನ್ನು ಪರಿಷ್ಕರಿಸುತ್ತಾ ಬಂದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಎಂದು 2011ರಲ್ಲಿ ಸುದ್ದಿಯಾಗಿತ್ತು. ಆ ಒಂದು ಪದಕ್ಕಾಗಿ ಪೀಟರ್ ಗಿಲಿವರ್ ಎಂಬ ಸಂಪಾದಕರು ಒಂಬತ್ತು ತಿಂಗಳು ಕೂತಿದ್ದರು.

ಇನ್ನೂ ಒಂದು ಮಾತು. ‘ಸೆಟ್’ ಎಂದು ಬರೆಯುವುದೆಲ್ಲ ಒಂದೇ ಬೇರಿನದಲ್ಲ. ಇಡು, ಕೂರಿಸು ಎಂಬ ಕ್ರಿಯಾಪದ ಹಳೆಯ ಇಂಗ್ಲಿಷಿನದು. ಗುಂಪು ಎನ್ನುವ ಅರ್ಥದ್ದು ಲ್ಯಾಟಿನ್ನಿನ ‘ಸೆಕ್ಟ’ ಎಂಬ ಪದದಿಂದ ಫ್ರೆಂಚ್ ದಾಟಿ ಬಂದದ್ದು. ಮೂಲದಲ್ಲಿ ಪಂಥ ಎಂದರ್ಥ. ಉಚ್ಚಾರ ಕೂಡಿಬಂತು, ಸಂಸಾರ ಒಂದಾಯಿತು.

ಮಾಟುಂಗಾ ದೊಡ್ಡಪ್ಪ, 7:04
ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ರಾತ್ರಿ ಹೆಪ್ಪು ಹಾಕಿದ ಮೊಸರು ಬೆಳಿಗ್ಗೆ ಸೆಟ್ ಆಗಿರಬೇಕು. ಗಿರಾಕಿ ಕೇಳುವುದು ಸೆಟ್ ದೋಸೆ. ಮೇಜಿಗೆ ಲೋಟಗಳ ಸೆಟ್. ಊರಿನಿಂದ ಅಣ್ಣ ಫೋನ್ ಮಾಡಿದರೆ ಪಂಪ್‌ಸೆಟ್ ಕೆಟ್ಟ ಸುದ್ದಿ. ಅಡುಗೆ ಭಟ್ಟರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಒಮ್ಮೆಯೂ ಇವುಗಳಲ್ಲಿ ತಪ್ಪಲಿಲ್ಲ. ಆ ಪದ ಈಗ ನಮ್ಮದೂ ಹೌದು. ಅದನ್ನು ತೋರಿಸಿ ಕನ್ನಡವನ್ನು ಬಡವೆ ಎನ್ನುವುದು ಯಾವ ನ್ಯಾಯ?

ಡೊಂಬಿವಲಿ ಅತ್ತೆ, 7:11
ಅಳಿಯಂದಿರೇ, ನನ್ನ ಅಡುಗೆಮನೆಯಿಂದಲೇ ಹೇಳುತ್ತೇನೆ, ಕೇಳಿ. ಅನ್ನ ಈಗಷ್ಟೇ ತಳ ಹಿಡಿಯಿತು. ಪಾತ್ರೆ ಎರಡು ಸೇರು ಹಿಡಿಯುತ್ತದೆ, ನಾನು ಹಾಕಿದ್ದು ನಾಲ್ಕು ಹಿಡಿ ಅಕ್ಕಿ. ಚಾಕುವಿನ ಹಿಡಿ ಸಡಿಲವಾಗಿದೆ, ಅಲಗು ತುಕ್ಕು ಹಿಡಿದಿದೆ. ಮಳೆ ಹಿಡಿದು ಮೂರು ದಿನವಾಯಿತು. ಬಟ್ಟೆ ಒಣಗಲು ಎರಡು ದಿನ ಹಿಡಿಯುತ್ತದೆ. ನಿಮ್ಮ ಮಾವನವರಿಗೆ ನೆಗಡಿ ಹಿಡಿದಿದೆ, ಆದರೂ ಮಾರುಕಟ್ಟೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾರೆ. ನೀವು ಕಳುಹಿಸಿದ ಚಿತ್ರ ನನಗೆ ಹಿಡಿಸಲಿಲ್ಲ. ಹತ್ತಾಯಿತು. ಇನ್ನೂ ಹೇಳಲೇ?

ನಾನು, 7:15
ಅತ್ತೆ, ನಿಮಗೆ ನಮಸ್ಕಾರ. ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿಯೂ ‘ಹಿಡಿ’ ಇದೆ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ಮಾಡಿಸಿದಾಗ ಜಿ. ವೆಂಕಟಸುಬ್ಬಯ್ಯನವರಂಥವರು ಶಾಸನ, ಕಾವ್ಯಗಳಿಂದ ಪ್ರಯೋಗ ಹೆಕ್ಕಿ ಹೆಕ್ಕಿ ಅರ್ಥ ಬಿಡಿಸಿದರು. ಆಕ್ಸ್‌ಫರ್ಡಿನವರೂ ಮಾಡಿದ್ದು ಇದೇ ಕೆಲಸ. ಎಷ್ಟು ಸಣ್ಣದಾಗಿ ಸೀಳುತ್ತೀರೋ ಅಷ್ಟು ಅರ್ಥ ಸಿಗುತ್ತವೆ. ತುಕ್ಕು ಹಿಡಿಯುವುದೂ ನೆಗಡಿ ಹಿಡಿಯುವುದೂ ಒಂದೇ ಎನ್ನುವವನಿಗೆ ಒಂದು, ಬೇರೆ ಎನ್ನುವವನಿಗೆ ಎರಡು.

ಥಾಣೆ ಭಾವ, 7:22
ಎಲ್ಲ ಸರಿ. ಸಂದರ್ಶನದಲ್ಲಿ ಯಾರೂ ‘ಹಿಡಿ’ ಎಂದರೇನು ಎಂದು ಕೇಳುವುದಿಲ್ಲ. ಅವಳು ಮುಂಬೈಯಲ್ಲಿ ಬದುಕಬೇಕಾದವಳು.

ಡೊಂಬಿವಲಿ ಅತ್ತೆ, 7:25
ಇಂಗ್ಲಿಷ್ ಬಿಡಿ ಎಂದು ಇಲ್ಲಿ ಯಾರು ಹೇಳಿದರು? ಚೆನ್ನಾಗಿ ಕಲಿಯಲಿ, ನನಗಿಂತ ಸಂತೋಷಪಡುವವರು ಯಾರೂ ಇಲ್ಲ. ಕನ್ನಡದಲ್ಲಿ ಏನೂ ಇಲ್ಲ ಎಂದು ಅವಳ ತಲೆಗೆ ತುಂಬಬೇಡಿ, ಅಷ್ಟೇ. ಮುಂಬೈ ಎಂದಿರಲ್ಲ, ಕೆಳಗಿನ ಮನೆಯ ಮರಾಠಿ ಕಾಕು ಹೇಗೆ ಮಾತಾಡುತ್ತಾರೆ ಕೇಳಿದ್ದೀರಾ? ಭೂಕ್ ಲಾಗಲೀ ಎಂದರೆ ಹಸಿವು, ಠೇಚ್ ಲಾಗಲೀ ಎಂದರೆ ಎಡವಿ ಪೆಟ್ಟಾಯಿತು, ನಿಕಾಲ್ ಲಾಗಲಾ ಎಂದರೆ ಫಲಿತಾಂಶ ಬಂತು, ನೋಕರೀ ಲಾಗಲೀ ಎಂದರೆ ಮಗನಿಗೆ ಕೆಲಸ ಸಿಕ್ಕಿತು. ಅವರ ‘ಲಾಗಣೇ’ ನಮ್ಮ ‘ಹಿಡಿ’ಯ ಹಾಗೆಯೇ ಮನೆತುಂಬ ಓಡಾಡುತ್ತದೆ. ಯಾವ ಭಾಷೆಯಲ್ಲಿಯೂ ದಿನವಿಡೀ ಕೈಗೆ ಸಿಗುವ ಸಣ್ಣ ಪದಕ್ಕೇ ಕೆಲಸ ಜಾಸ್ತಿ.

ಥಾಣೆ ಭಾವ, 7:29
ಮಗುವಿಗೆ ಗೊಂದಲವಾಗುವುದಿಲ್ಲವೇ?

ನಾನು, 7:31
ಪಕ್ಕದ ಪದ ಯಾವುದೆಂದು ನೋಡಿದರೆ ಸಾಕು, ಭಾವ. ತುಕ್ಕು ಬಂದರೆ ಒಂದು, ಹಟ ಬಂದರೆ ಇನ್ನೊಂದು. ‘ಸೆಟ್’ ಕಲಿಯುವ ಮಗುವೂ ಹಾಗೆಯೇ ಕಲಿಯುತ್ತದೆ: ಸೂರ್ಯನ ಜೊತೆ ಬಂದರೆ ಮುಳುಗುವುದು, ಗಡಿಯಾರದ ಜೊತೆ ಬಂದರೆ ಸರಿಪಡಿಸುವುದು, ಟೆನ್ನಿಸ್‌ನಲ್ಲಿ ಬಂದರೆ ಆಟದ ಒಂದು ಭಾಗ. ‘ಹಿಡಿ’ಯಲ್ಲಿ ಪಳಗಿದವಳಿಗೆ ಇದು ಹೊಸ ವಿದ್ಯೆಯಲ್ಲ.

ಪುಟ್ಟಿ, 7:38 (ಧ್ವನಿ ಸಂದೇಶ, ಕನ್ನಡ ಬರೆಯಲು ಅವಳಿಗೆ ಇನ್ನೂ ತಡವರಿಕೆ)
ಅಜ್ಜಿ, ಇನ್ನೊಂದು ಇದೆ. ಅಪ್ಪ ದಿನವೂ 8:13ರ ಗಾಡಿ ಹಿಡಿಯಬೇಕು ಎನ್ನುತ್ತಾರೆ. ಸೀಟು ಸಿಗದಿದ್ದರೆ ಮೇಲೆ ನೇತಾಡುವ ಹಿಡಿ ಹಿಡಿದು ನಿಲ್ಲುತ್ತಾರೆ. ಆಗ ಒಂದೇ ಸಲಕ್ಕೆ ಎರಡು ಬರುತ್ತವೆ, ಅಲ್ಲವೇ? ಈ ಭಾನುವಾರ ತರಗತಿಯಲ್ಲಿ ಇದನ್ನು ಹೇಳುತ್ತೇನೆ.

ಥಾಣೆ ಭಾವ, 7:46
ಗಾಡಿ ಹಿಡಿಯಲು ಹೊರಟೆ. ತರಗತಿಯ ಮಾತು ರಾತ್ರಿ ನಿಮ್ಮ ಅಕ್ಕನ ಜೊತೆ ಕೂತು ಆಡುತ್ತೇನೆ.