ದೂರಪ್ರಯಾಣದ ಬಸ್ಸು, ಬೋಗಿ, ಸ್ಲೀಪರ್: ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕನ್ನಡದಲ್ಲಿ ಬರೆದಿಟ್ಟಿರುವ ಪ್ರವಾಸದ ಟಿಪ್ಪಣಿಗಳನ್ನು, ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳು ಓದಲೆಂದು ಇಂಗ್ಲಿಷಿಗೆ ಅನುವಾದಿಸುತ್ತಿದ್ದೇನೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಹೊರಡುವ, ಪುಷ್‌ಬ್ಯಾಕ್ ಸೀಟುಗಳ ರಾಜಹಂಸವನ್ನು ‘ಬಸ್’ ಎಂದರೆ ಸಾಕೇ, ‘ಕೋಚ್’ ಎನ್ನಬೇಕೇ? ರೈಲಿನ ಮಾತು ಬಂದಲ್ಲೆಲ್ಲ ತಂದೆಯವರು ‘ಬೋಗಿ’ ಎಂದಿದ್ದಾರೆ. ಅದನ್ನು ಹಾಗೆಯೇ ಉಳಿಸಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಬ್ರಿಟನ್ನಿನಲ್ಲಿ ಊರೊಳಗೆ ಓಡಾಡುವುದು ಬಸ್. ಊರಿಂದೂರಿಗೆ ಹೋಗುವ, ಸಾಮಾನಿಗೆ ಕೆಳಗಡೆ ಜಾಗವಿರುವ ಗಾಡಿ ಕೋಚ್. ಲಂಡನ್ನಿನಲ್ಲಿ 1932ರಲ್ಲಿ ಆರಂಭವಾದ, ದೂರದೂರುಗಳ ಬಸ್ಸುಗಳು ಹೊರಡುವ ನಿಲ್ದಾಣದ ಹೆಸರೇ ವಿಕ್ಟೋರಿಯಾ ಕೋಚ್ ಸ್ಟೇಷನ್. ಆದರೆ ಅಮೆರಿಕದಲ್ಲಿ ‘ಕೋಚ್’ ಎಂದರೆ ಹೆಚ್ಚಿನವರಿಗೆ ವಿಮಾನದ ಎಕಾನಮಿ ದರ್ಜೆ ನೆನಪಾಗುತ್ತದೆ, ಗ್ರೇಹೌಂಡ್‌ನಂಥ ದೂರದ ಗಾಡಿಯನ್ನೂ ಅಲ್ಲಿ ಬಸ್ ಎಂದೇ ಕರೆಯುತ್ತಾರೆ. ತಮ್ಮ ಓದುಗರು ಎರಡೂ ಕಡೆ ಇರುವುದರಿಂದ ‘ಓವರ್‌ನೈಟ್ ಬಸ್’ ಎಂದು ಬರೆದು, ‘ರಾಜಹಂಸ’ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಳ್ಳುವುದು ಒಳಿತು. ಆ ಹೆಸರು ಬಿಟ್ಟುಹೋದರೆ ನನಗಂತೂ ಬೇಸರವಾಗುತ್ತದೆ.

ಉತ್ತರ 2:
‘ಬೋಗಿ’ಯನ್ನು ಬದಲಿಸಲೇಬೇಕು. ಪ್ಲಾಟ್‌ಫಾರ್ಮಿನ ಅಂಚಿನಿಂದ ಎದುರು ಹಳಿಯಲ್ಲಿ ನಿಂತ ಗಾಡಿಯ ಅಡಿಭಾಗವನ್ನು ನೋಡಿದರೆ, ಡಬ್ಬಿಯ ಎರಡೂ ತುದಿಗಳ ಬಳಿ ನಾಲ್ಕು ನಾಲ್ಕು ಗಾಲಿಗಳನ್ನೂ ಸ್ಪ್ರಿಂಗುಗಳನ್ನೂ ಹಿಡಿದಿರುವ ಉಕ್ಕಿನ ಚೌಕಟ್ಟು ಕಾಣುತ್ತದೆ. ರೈಲ್ವೆ ಎಂಜಿನಿಯರುಗಳು ಬೋಗಿ ಎನ್ನುವುದು ಅದನ್ನು. ನಾವು ಕುಳಿತುಕೊಳ್ಳುವ ಡಬ್ಬಿಗೆ ಆ ಹೆಸರು ನಮ್ಮ ದೇಶದ ಆಡುಮಾತಿನಲ್ಲಿ ಬಂದಿದೆ. ಬ್ರಿಟಿಷ್ ಓದುಗರಿಗೆ ‘ಕ್ಯಾರೇಜ್’, ಅಮೆರಿಕದವರಿಗೆ ‘ಕಾರ್’ ಸಹಜವಾದರೂ, ರೈಲಿನ ಸಂದರ್ಭದಲ್ಲಿ ‘ಕೋಚ್’ ಎಂದರೆ ಇಬ್ಬರಿಗೂ ಅರ್ಥವಾಗುತ್ತದೆ.

ಉತ್ತರ 3:
ಟಿಪ್ಪಣಿಗಳಲ್ಲಿ ‘ಸ್ಲೀಪರ್’ ಕೂಡ ಬಂದೇ ಬರುತ್ತದೆಂದು ಭಾವಿಸಿ ಒಂದು ಮಾತು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಸ್ಲೀಪರ್ ಎಂದರೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳಿರುವ ರಾತ್ರಿಯ ರೈಲು ಕಣ್ಣಮುಂದೆ ಬರುತ್ತದೆ. ಹಳಿಯ ಕೆಳಗಿನ ಅಡ್ಡ ತೊಲೆಗೂ ಅಲ್ಲಿ ಅದೇ ಹೆಸರು. ನಮ್ಮ ಸ್ಲೀಪರ್ ದರ್ಜೆಯಲ್ಲಿ ಬಾಗಿಲೂ ಇಲ್ಲ, ಎಸಿಯೂ ಇಲ್ಲ. ಎದುರುಬದುರಾಗಿ ಮೂರು ಮೂರು ಬರ್ತ್‌ಗಳು, ದಾರಿಯಾಚೆ ಸೈಡಿನಲ್ಲಿ ಎರಡು. ಹಗಲಿನಲ್ಲಿ ನಡುವಿನ ಬರ್ತನ್ನು ಇಳಿಸಿಟ್ಟರೆ ಮಾತ್ರ ಕೆಳಗಿನವರು ನೆಟ್ಟಗೆ ಕುಳಿತುಕೊಳ್ಳಲು ಸಾಧ್ಯ. ಈ ಪದ ಮೊದಲು ಬರುವ ಕಡೆ ಇದನ್ನು ಒಂದೆರಡು ವಾಕ್ಯಗಳಲ್ಲಿ ವಿವರಿಸಿ, ಮುಂದೆ ‘ಸ್ಲೀಪರ್ ಕ್ಲಾಸ್’ ಎಂದೇ ಬರೆಯಬಹುದು.