ಬಿಎಂಟಿ (ಅಸ್ಥಿಮಜ್ಜೆ ಕಸಿ) ರೂಮಿನಲ್ಲಿ ಮಗನಿಗೆ ರಾತ್ರಿ ನಿದ್ದೆಯೇ ಇಲ್ಲ, ಏನು ಮಾಡಲಿ?

ಪ್ರಶ್ನೆ (ಒಬ್ಬ ತಾಯಿ):
ನಮಸ್ಕಾರ ಸಿಸ್ಟರ್. ನನ್ನ ಮಗನಿಗೆ ಆರು ವರ್ಷ, ಥಲಸ್ಸೇಮಿಯಾ ಮೇಜರ್ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ). ಅವನ ಅಕ್ಕನ ಮಜ್ಜೆ ಹೊಂದಿಕೆಯಾಯಿತು. ಬೆಂಗಳೂರಿನಲ್ಲಿ ಟ್ರಾನ್ಸ್‌ಪ್ಲಾಂಟ್ ಆಗಿ ಇವತ್ತಿಗೆ 9 ದಿನ. ಬಿಳಿ ರಕ್ತಕಣದ ಕೌಂಟ್ ಇನ್ನೂ ಏರಿಲ್ಲ, ಬಾಯಿ ತುಂಬಾ ಹುಣ್ಣು. ರಾತ್ರಿ ಒಂದು ಗಂಟೆಯೂ ನೆಟ್ಟಗೆ ಮಲಗುವುದಿಲ್ಲ, ಹಗಲೆಲ್ಲ ತೂಕಡಿಸುತ್ತಾನೆ. ಡಾಕ್ಟರ ಹತ್ತಿರ ನಿದ್ದೆ ಔಷಧಿ ಕೇಳಲಾ? ಊರಿಂದ ನಮ್ಮತ್ತೆ ಫೋನ್ ಮಾಡಿ, ಹಾಲಿನಲ್ಲಿ ಜಾಯಿಕಾಯಿ ತೇಯ್ದು ನೆಕ್ಕಿಸು ಅಂತಿದ್ದಾರೆ.

ಉತ್ತರ (ಮಕ್ಕಳ ಬಿಎಂಟಿ ವಾರ್ಡಿನ ನರ್ಸ್):
ಅಮ್ಮಾ, ಮೊದಲು ಜಾಯಿಕಾಯಿ ವಿಷಯ ಮುಗಿಸಿಬಿಡೋಣ. ಬೇಡ. ನಮ್ಮಜ್ಜಿಯೂ ನನಗೆ ತೇಯ್ದು ನೆಕ್ಕಿಸಿದವರೇ, ಅತ್ತೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಬೇಯಿಸದ ಮಸಾಲೆ ಪದಾರ್ಥದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಇರಬಹುದು. ಬಿಳಿ ರಕ್ತಕಣ ಇಲ್ಲದ ಮಗುವಿಗೆ ಸೋಂಕಾಗಲು ಅಷ್ಟು ಸಾಕು. ಜಾಸ್ತಿಯಾದರೆ ಜಾಯಿಕಾಯಿಯೇ ವಿಷ. ಗಸಗಸೆ, ಅಶ್ವಗಂಧವೂ ಬೇಡ. ಅಂಗಾಲಿಗೆ ಹರಳೆಣ್ಣೆ ಕೂಡ ಡಾಕ್ಟರನ್ನು ಕೇಳದೆ ಹಚ್ಚಬೇಡಿ, ಕಸಿಗೆ ಮುಂಚೆ ಕೊಡುವ ಕೀಮೋ ಆದ ಮೇಲೆ ಚರ್ಮ ತುಂಬಾ ಸೂಕ್ಷ್ಮವಾಗಿರುತ್ತದೆ.

ನಿದ್ದೆ ಔಷಧಿ ಕೇಳುವ ಮುಂಚೆ ಒಂದು ಕೆಲಸ ಮಾಡಿ. ಒಂದು ರಾತ್ರಿ ಪೆನ್ನು ಹಾಳೆ ಇಟ್ಟುಕೊಂಡು, ಮಗ ಎಚ್ಚರಾದಾಗಲೆಲ್ಲ ಗಂಟೆ ಮತ್ತು ಕಾರಣ ಬರೆಯಿರಿ. ಯಾರು ಬಂದರು, ಯಾಕೆ ಬಂದರು, ಔಷಧಿ ಪಂಪ್ ಕೂಗಿತಾ, ಮೂತ್ರಕ್ಕೆ ಎದ್ದನಾ, ನೋವು ಅಂತ ಅತ್ತನಾ, ಎಲ್ಲಾ. ನಮ್ಮ ಮೇಲೆ ದೂರು ಕೊಡೋಕೆ ಅಲ್ಲ. ನಮಗೆ ಒಬ್ಬೊಬ್ಬರಿಗೂ ಐದೈದು ನಿಮಿಷದ ಕೆಲಸ, ಬಂದು ಹೋಗುತ್ತೇವೆ. ಒಟ್ಟು ಎಷ್ಟು ಸಲ ಎಬ್ಬಿಸಿದೆವು ಅಂತ ನಮಗೇ ಗೊತ್ತಿರುವುದಿಲ್ಲ.

ತಾಯಿ:
ಬರೆದೆ ಸಿಸ್ಟರ್. 8ಕ್ಕೆ ಲೇಸಿಕ್ಸ್ ಇಂಜೆಕ್ಷನ್. 8:30, 9, 9:40ಕ್ಕೆ ಮೂತ್ರ. 10ಕ್ಕೆ ಆಂಟಿಬಯಾಟಿಕ್. 11:15ಕ್ಕೆ ಪಂಪ್ ಕೂಗಿತು. 12ಕ್ಕೆ ಬಿಪಿ, ಜ್ವರ ನೋಡಿದರು. 2ಕ್ಕೆ ಮತ್ತೆ ಆಂಟಿಬಯಾಟಿಕ್. 2:50ಕ್ಕೆ ಪಂಪ್. 4ಕ್ಕೆ ಬಿಪಿ. 5ಕ್ಕೆ ರಕ್ತ. 6ಕ್ಕೆ ಆಂಟಿಬಯಾಟಿಕ್, ತೂಕ. ಇದರ ಮಧ್ಯೆ ಬಾಯಿ ನೋವು ಅಂತ ಎರಡು ಸಲ ಅತ್ತ. ಮಧ್ಯಾಹ್ನ ಪ್ಲೇಟ್ಲೆಟ್ ಹಾಕುವ ಮುಂಚೆ ಅಲರ್ಜಿ ಆಗದ ಹಾಗೆ ಏವಿಲ್ ಕೊಟ್ಟಿದ್ದರು, 3ರಿಂದ 6ರವರೆಗೆ ಮಲಗಿದ್ದ.

ನರ್ಸ್:
ನೋಡಿ, ಉತ್ತರ ನಿಮ್ಮ ಹಾಳೆಯಲ್ಲೇ ಇದೆ. ಆಂಟಿಬಯಾಟಿಕ್ 10, 2, 6ಕ್ಕೆ. ಬಿಪಿ 12, 4ಕ್ಕೆ. ಎರಡೂ ಬೇಕು, ಆದರೆ ಬೇರೆ ಬೇರೆ ಹೊತ್ತಿಗೆ ಯಾಕೆ? ಬಿಪಿಯನ್ನೂ 10, 2, 6ಕ್ಕೆ ಸರಿಸಿದರೆ ನಾಲ್ಕು ನಾಲ್ಕು ಗಂಟೆಯ ಎರಡು ನಿದ್ದೆ ಸಿಗುತ್ತದೆ. 5ರ ಸ್ಯಾಂಪಲ್ 6ಕ್ಕೆ ಹೋಗಬಹುದಾ ಕೇಳಿ. ರೌಂಡ್ಸ್‌ಗೆ ರಿಪೋರ್ಟ್ ಬೇಕಾಗುತ್ತದೆ, ಹಾಗಾಗಿ ಆಗುವುದಿಲ್ಲ ಅಂದರೂ ಅನ್ನಬಹುದು. ಆಗ ಇನ್ನೊಂದು ಉಪಾಯ. ಮಲಗಿಸುವಾಗಲೇ ರಕ್ತನಾಳಕ್ಕೆ ಹಾಕಿರುವ ಲೈನಿನ (ಸಣ್ಣ ಕೊಳವೆಯ) ತುದಿ ಅಂಗಿಯ ಹೊರಗೆ, ಕೈಗೆ ಸಿಗುವ ಹಾಗೆ ಇರಲಿ. ಚುಚ್ಚುವುದೇನೂ ಇಲ್ಲವಲ್ಲ. ಸಣ್ಣ ಟಾರ್ಚ್ ಬೆಳಕಿನಲ್ಲಿ, ಮಗುವನ್ನು ಎಬ್ಬಿಸದೆಯೇ ರಕ್ತ ತೆಗೆಯಬಹುದು. ಮೇಲಿನ ಟ್ಯೂಬ್‌ಲೈಟ್ ಹಾಕಿದರೆ ಮಾತ್ರ ಕಥೆ ಮುಗಿಯಿತು.

ಲೇಸಿಕ್ಸ್ ಮೂತ್ರ ಜಾಸ್ತಿ ಮಾಡುವ ಔಷಧಿ. ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ಗಂಟೆ ಮಗು ಬಾತ್‌ರೂಮಿಗೆ ಓಡಾಡುತ್ತಲೇ ಇರುತ್ತದೆ. ಅದನ್ನು ಸಂಜೆ 5ಕ್ಕೆ ಕೊಡಲು ಆಗುತ್ತದಾ ಅಂತ ಕೇಳಿ. ಏವಿಲ್ ಕೊಟ್ಟರೆ ಮಂಪರು ಬಂದೇ ಬರುತ್ತದೆ. ಪ್ಲೇಟ್ಲೆಟ್ ಬೆಳಿಗ್ಗೆಯೇ ಬಂದರೆ ಬೆಳಿಗ್ಗೆಯೇ ಹಾಕಿಸಿ. ಬ್ಲಡ್ ಬ್ಯಾಂಕಿನವರ ಕೈಯಲ್ಲಿರುವ ವಿಷಯ, ನನಗೂ ಗೊತ್ತು.

ಪಂಪ್ ಕೂಗುವುದು ಹೆಚ್ಚಾಗಿ ಔಷಧಿ ಮುಗಿಯುತ್ತಾ ಬಂದಾಗ, ಇಲ್ಲ ಟ್ಯೂಬ್ ಮಡಚಿಕೊಂಡಾಗ. ರಾತ್ರಿ 10ಕ್ಕೆ ಸಿಸ್ಟರ್ ಬಂದಾಗ ಸಿರಿಂಜಿನಲ್ಲಿ ಎಷ್ಟಿದೆ ಅಂತ ಒಮ್ಮೆ ನೋಡಿಸಿ, ಟ್ಯೂಬ್ ಮೈಯಡಿ ಸಿಗದ ಹಾಗೆ ಇಡಿಸಿ. ನೀವೇ ಬಟನ್ ಒತ್ತಿ ಪಂಪಿನ ಬಾಯಿ ಮುಚ್ಚಿಸಬೇಡಿ, ಬೆಲ್ ಒತ್ತಿ. ಮಾನಿಟರ್ ಮೇಲೆ ಬಟ್ಟೆ ಹಾಕಬೇಡಿ. ಸ್ಕ್ರೀನಿನ ಬೆಳಕು ಕಡಿಮೆ ಮಾಡಿಸಿ, ಅವನ ಕಣ್ಣಿಗೆ ಬೀಳದ ಹಾಗೆ ತಿರುಗಿಸಲು ಹೇಳಿ.

ನನಗೆ ಕಾಡುತ್ತಿರುವುದು ಬಾಯಿ ನೋವು. ನೋವಿರುವ ಮಗುವಿಗೆ ಕತ್ತಲೆ, ನಿಶ್ಶಬ್ದ ಯಾವುದೂ ಕೆಲಸ ಮಾಡುವುದಿಲ್ಲ. "ರಾತ್ರಿ ನೋವಿಗೆ ಈಗ ಕೊಡುತ್ತಿರುವುದು ಸಾಲುತ್ತಿಲ್ಲ" ಅಂತ ನೇರವಾಗಿ ಹೇಳಿ. ಹುಣ್ಣು ಜಾಸ್ತಿ ಇದ್ದರೆ ಮಾರ್ಫಿನ್ ಡ್ರಿಪ್ ಕೊಡುವುದೂ ಉಂಟು. ಹೆಸರು ಕೇಳಿ ಹೆದರಬೇಡಿ. ಕೌಂಟ್ ಏರುತ್ತಿದ್ದ ಹಾಗೆ ಹುಣ್ಣು ಮಾಯತೊಡಗುತ್ತದೆ, ಡ್ರಿಪ್ಪೂ ಇಳಿಸುತ್ತಾರೆ.

ಈ ಹಾಳೆಯನ್ನು ರಾತ್ರಿ ಡ್ಯೂಟಿ ಸಿಸ್ಟರಿಗೆ ತೋರಿಸಬೇಡಿ, ಅವರ ಕೈಯಲ್ಲಿ ಟೈಮ್ ಬದಲಾಯಿಸುವ ಅಧಿಕಾರ ಇಲ್ಲ. ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು, ಇನ್‌ಚಾರ್ಜ್ ಸಿಸ್ಟರ್ ಇಬ್ಬರೂ ಇರುವಾಗ ಕೊಡಿ.

ಇನ್ನೊಬ್ಬ ಸದಸ್ಯರು (ಒಂದು ಮಗುವಿನ ತಂದೆ):
ಮೇಡಂ, 2 ಗಂಟೆಯ ಬಿಪಿ, ಜ್ವರ ನೋಡುವುದನ್ನೇ ಬಿಡಿ ಅಂತ ಕೇಳಬಹುದಲ್ವಾ? ನಮ್ಮ ಮಗಳಿಗೆ ಎಲ್ಲಾ ನಾರ್ಮಲ್ಲೇ ಇರುತ್ತಿತ್ತು, ಸುಮ್ನೆ ಎಬ್ಬಿಸುತ್ತಿದ್ದರು.

ನರ್ಸ್:
ಈಗ ಬೇಡ ಸರ್. ಕೌಂಟ್ ಇಲ್ಲದ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಎಮರ್ಜೆನ್ಸಿ. ಜ್ವರಕ್ಕೆ ಹೊಸ ಆಂಟಿಬಯಾಟಿಕ್ ಬೇಕಾದರೆ ಒಂದು ಗಂಟೆಯೊಳಗೆ ಶುರುವಾಗಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೋರಿನ್‌ನಿಂದ ಬಿಪಿ ಏರಬಹುದು, ತುಂಬಾ ಏರಿದರೆ ಫಿಟ್ಸ್ ಬರುವ ಅಪಾಯವೂ ಇದೆ. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) 500 ದಾಟಿ ಮೂರು ದಿನ ಹಾಗೇ ನಿಂತು, ಜ್ವರ ಇಲ್ಲದೆ, ಬಿಪಿಯೂ ಸರಿ ಇದ್ದರೆ ಆಗ ಕೇಳಿ. ಎಷ್ಟೋ ಡಾಕ್ಟರು ಒಪ್ಪುತ್ತಾರೆ.

ತಂದೆ:
ನಮ್ಮ ಮಗಳಿಗೆ ಜಿವಿಎಚ್‌ಡಿ (ದಾನಿಯ ಕಣಗಳು ಮಗುವಿನ ಮೈಯನ್ನೇ ಕಾಡುವ ತೊಂದರೆ) ಅಂತ ಸ್ಟೀರಾಯ್ಡ್ ಶುರುವಾದ ಮೇಲೆ ನಿದ್ದೆ ಪೂರ್ತಿ ಹೋಯಿತು. ರಾತ್ರಿ 2ರವರೆಗೆ ಮೊಬೈಲ್.

ನರ್ಸ್:
ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಸಿಡುಕೂ ಬರಿಸುತ್ತದೆ. ದಿನಕ್ಕೆ ಒಂದೇ ಡೋಸ್ ಆದರೆ ಬೆಳಿಗ್ಗೆ, ಎರಡಾದರೆ ಎರಡನೆಯದನ್ನು ಮಧ್ಯಾಹ್ನಕ್ಕೆ ತರಬಹುದಾ ಅಂತ ಕೇಳಿ. ನೀವಾಗಿಯೇ ಬದಲಾಯಿಸಬೇಡಿ.

ಮೊಬೈಲ್ ಪೂರ್ತಿ ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆ ನಾಲ್ಕು ಗೋಡೆಯ ಮಧ್ಯೆ ಮಗುವಿಗೆ ಇರುವುದೇ ಅದು. ರಾತ್ರಿ 8:30ಕ್ಕೆ ಚಾರ್ಜಿಗೆ ಇಡಿ, ಆಮೇಲೆ ಕಣ್ಣಿಗಲ್ಲ, ಕಿವಿಗೆ ಕೆಲಸ ಕೊಡಿ. ನಮ್ಮ ವಾರ್ಡಿನಲ್ಲಿ ಒಬ್ಬ ಹುಡುಗನ ಅಜ್ಜಿ ದಿನಾ ಊರಿಂದ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ಕಳಿಸುತ್ತಿದ್ದರು, ವಾಯ್ಸ್ ಮೆಸೇಜಿನಲ್ಲಿ. ದಿನಾ ಅದೇ ಕಥೆ. ಗುಬ್ಬಕ್ಕ ಬಾಗಿಲು ತೆಗೆಯುವ ಹೊತ್ತಿಗೆ ಅವನು ಮಲಗಿರುತ್ತಿದ್ದ, ನಾವು ಹೊರಗೆ ಕಾದು ನಿಂತು ಒಳಗೆ ಹೋಗುತ್ತಿದ್ದೆವು.

ಹಗಲು ಮಾತ್ರ ಸ್ವಲ್ಪ ಜೋರಾಗಿ ಇರಿ. ಬೆಳಿಗ್ಗೆ 7ಕ್ಕೆ ಕರ್ಟನ್ ಸರಿಸಿ, ರಾತ್ರಿಯ ಬಟ್ಟೆ ಬದಲಿಸಿ. ಕುಳಿತುಕೊಳ್ಳುವ ಶಕ್ತಿ ಇದ್ದರೆ ತಿಂಡಿ ಕುರ್ಚಿಯಲ್ಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಅದರಲ್ಲಿ ಜಾಸ್ತಿ ಪಾಲು ಹಗಲೇ ಖರ್ಚಾದರೆ ರಾತ್ರಿಗೆ ಏನು ಉಳಿಯುತ್ತದೆ?

ತಾಯಿ (ಮೂರು ದಿನದ ನಂತರ):
ಸಿಸ್ಟರ್, ಬಿಪಿ 10, 2, 6 ಮಾಡಿದರು. ಲೇಸಿಕ್ಸ್ ಸಂಜೆಗೆ ಬಂತು. ಸ್ಯಾಂಪಲ್ ಮಾತ್ರ 5ಕ್ಕೇ ಆಗಬೇಕಂತೆ. ನಿನ್ನೆ 10:30ರಿಂದ 2ರವರೆಗೆ ಒಂದೇ ನಿದ್ದೆ! ಬಾಯಿ ನೋವಿಗೂ ಡ್ರಿಪ್ ಹಾಕಿದ್ದಾರೆ. ಒಂದೇ ಭಯ, ಈಗ ಜಾಸ್ತಿ ಮಲಗುತ್ತಿದ್ದಾನಾ ಅಂತ.

ನರ್ಸ್:
ಕರೆದರೆ ಎದ್ದು, ಗುರುತು ಹಿಡಿದು, ಸಿಡುಕಿ ಮತ್ತೆ ಮಲಗಿದರೆ ಅದು ನಿದ್ದೆ. ಕರೆದರೂ ಸರಿಯಾಗಿ ಏಳದಿದ್ದರೆ, ಉಸಿರು ತೀರಾ ನಿಧಾನ ಅನ್ನಿಸಿದರೆ, ತಲೆನೋವು, ಕಣ್ಣು ಮಂಜು, ಅಸಂಬದ್ಧ ಮಾತು ಕಂಡರೆ ಒಂದು ನಿಮಿಷವೂ ಕಾಯದೆ ಬೆಲ್ ಒತ್ತಿ. ಮಲಗಲಿ ಪಾಪ ಅಂತ ಬಿಡಬೇಡಿ.

ಇನ್ನೊಂದು. ಇವತ್ತು 10:30ಕ್ಕೆ ಅವನು ಮಲಗಿದಾಗ ನೀವೂ ಮಲಗಿ. 2 ಗಂಟೆಗೆ ಸಿಸ್ಟರ್ ಹೇಗೂ ಬರುತ್ತಾರೆ.